ಆರನೇ ಮೊಳೆ

ಕೊತ್ತಗೆರೆ, ಕುಣಿಗಲ್ ತಾಲ್ಲೂಕು
12 ಜೂನ್ 1998

ಗುಬ್ಬಿಯ ಶ್ರೀ ಮಹಾಲಿಂಗಯ್ಯನವರಿಗೆ ಅಣ್ಣಯ್ಯಪ್ಪನ ನಮಸ್ಕಾರಗಳು.

ಕಳೆದ ಭಾನುವಾರ ನಿಮ್ಮ ಕೊಟ್ಟಿಗೆಗೆ ಬಂದು ಹಳೆಯ ಟಿಲ್ಲರ್ ನೋಡಿ ಹೋದವನು ನಾನು. ಬಂದಾಗಿನಿಂದ ನನ್ನ ಬಾಯಲ್ಲಿ ಬೇರೆ ಮಾತಿಲ್ಲ. ನನ್ನ ಹೆಂಡತಿ ಚೆನ್ನಮ್ಮ, "ನನ್ನ ನೋಡ್ಕಂಡ್ ಹೋದಾಗ್ಲೂ ನೀವು ಇಷ್ಟು ಕುಣಿದಿರ್ಲಿಲ್ವಂತೆ, ನಮ್ಮತ್ತೆ ಹೇಳವ್ರೆ" ಎಂದು ಆಡಿಕೊಳ್ಳುತ್ತಿದ್ದಾಳೆ.

ಗಾಡಿಯನ್ನು ನಾನೇ ತೆಗೆದುಕೊಳ್ಳುತ್ತೇನೆ. ಬೇರೆ ಯಾರಿಗೂ ಮಾತು ಕೊಡಬೇಡಿ. ನನಗೆ ಅರವತ್ತು ತೆಂಗಿನ ಮರ, ಒಂದೂವರೆ ಎಕರೆ ರಾಗಿ ಹೊಲ ಇದೆ. ಈಚಿನ ಟಿಲ್ಲರ್ ಒಂದು ಇದೆ, ಆದರೆ ಅದು ತಗಡಿನ ಡಬ್ಬ. ಇಪ್ಪತ್ತೈದು ವರ್ಷದ ಹಿಂದೆ ಜಪಾನಿನಿಂದ ಬಂದ ನಿಮ್ಮ ಗಾಡಿಯ ಎರಕ ಈಗ ಎಲ್ಲಿ ಸಿಗುತ್ತದೆ? ನಾನು ಮೆಕ್ಯಾನಿಕ್ ಅಲ್ಲ. ಆದರೂ ಇದುವರೆಗೆ ನಾಲ್ಕು ಹಳೆಯ ಟಿಲ್ಲರ್ ಬಿಚ್ಚಿ ಜೋಡಿಸಿದ್ದೇನೆ. ಸುತ್ತಲ ಮೂರು ಊರಿನಲ್ಲಿ ಯಾರ ಇಂಜಿನ್ ಕೆಮ್ಮಿದರೂ ನನ್ನನ್ನೇ ಕರೆಯುತ್ತಾರೆ.

ಕೆಲವು ವಿಷಯ ತಿಳಿಸಿ. ಮಣ್ಣು ಉಳುವ ರೋಟರಿ ಮೂಲದ್ದೇ ತಾನೆ? ಕೆಸರುಗದ್ದೆಯ ಕಬ್ಬಿಣದ ಚಕ್ರ ಎರಡೂ ಇವೆಯೇ? ಟ್ರೈಲರ್ ಕೊಂಡಿ ಬೆಸುಗೆ ಹಾಕಿದ್ದೋ, ಹೇಗೆ? ಇನ್ನೊಂದು ಕೋರಿಕೆ. ಹಿರೇಹಳ್ಳಿಯಲ್ಲಿ ಟಿಲ್ಲರ್ ರಿಪೇರಿ ಶೆಡ್ ಇಟ್ಟಿರುವ ಮುದ್ದಯ್ಯನವರ ಹೆಸರು ಕೇಳಿದ್ದೇನೆ. ನಾನು ಒಯ್ಯುವ ಮೊದಲು ಅವರ ಕೈಯಲ್ಲಿ ಒಮ್ಮೆ ಪೂರಾ ಬಿಚ್ಚಿಸಿ ನೋಡಿಸಿದರೆ ಧೈರ್ಯ.

ನಿಮ್ಮವ,
ಅಣ್ಣಯ್ಯಪ್ಪ


ಗುಬ್ಬಿ
23 ಜೂನ್ 1998

ಅಣ್ಣಯ್ಯಪ್ಪನವರಿಗೆ ಮಹಾಲಿಂಗಯ್ಯನ ನಮಸ್ಕಾರ.

ಮಾತು ನಿಮಗೇ. ಹಾಲಿನ ಡೇರಿಯ ಕಾರ್ಯದರ್ಶಿ ಕೆಲಸ ಹಿಡಿದ ಮೇಲೆ ನನಗೆ ಉಳುಮೆಗೆ ಬಿಡುವಿಲ್ಲ. ನಿಂತ ಗಾಡಿಯನ್ನು ತುಕ್ಕು ತಿನ್ನುತ್ತದೆ. ನಮ್ಮ ತಂದೆ 1973ರಲ್ಲಿ ತಂದದ್ದು. ಅದರ ಜೊತೆ ಬಂದ ಜಪಾನಿ ಭಾಷೆಯ ಪುಸ್ತಕವನ್ನು ಅವರು ಪಂಚಾಂಗದ ಜೊತೆ ಇಟ್ಟಿದ್ದರು. ನಮ್ಮಲ್ಲಿ ಯಾರೂ ಓದಲಾರರು, ಚಿತ್ರಗಳಿವೆ. ಅದನ್ನೂ ಕೊಡುತ್ತೇನೆ. ರೋಟರಿ ಮೂಲದ್ದೇ, ಕಬ್ಬಿಣದ ಚಕ್ರ ಎರಡೂ ಇವೆ. ಕೊಂಡಿ ಬೆಸುಗೆ ಹಾಕಿದ್ದು.

ಮುದ್ದಯ್ಯ ಬಂದು ಮೂರು ದಿನ ಇದ್ದು ಎಲ್ಲ ಬಿಚ್ಚಿ ಜೋಡಿಸಿದ. ಪಿಸ್ಟನ್ ರಿಂಗ್ ಹೊಸದು, ಬೆಲ್ಟ್ ಹೊಸದು, ರೋಟರಿಯಲ್ಲಿ ಸವೆದ ಬ್ಲೇಡ್ ಬದಲಾಯಿಸಿದ್ದಾನೆ. ಅವನದೊಂದು ಪದ್ಧತಿ ನಿಮಗೆ ಹೇಳಬೇಕು. ಬಿಚ್ಚಿ ಹಾಕಿದ ಪ್ರತಿ ಭಾಗದ ಮೇಲೂ ಒಂದು ಚುಕ್ಕಿ ಕೆಂಪು ಪೇಂಟ್ ಇಡುತ್ತಾನೆ. "ಕೆಂಪು ಬೊಟ್ಟು ಐತೆ ಅಂದ್ರೆ ನನ್ ಕೈ ಬಿದ್ದೈತೆ ಅಂತ. ನಾಳೆ ಏನಾರ ಆದ್ರೆ ನಾನೇ ಜವಾಬ್ದಾರಿ" ಎನ್ನುತ್ತಾನೆ. ಈಗ ಗಾಡಿಗೆ ದಡಾರ ಎದ್ದ ಹಾಗಿದೆ.

ಜುಲೈ ಎರಡು, ಗುರುವಾರ ಬನ್ನಿ. ಒಂದೂವರೆಗೆ ರಾಹುಕಾಲ, ಅಷ್ಟರೊಳಗೆ ಗಾಡಿ ಹೊಸಿಲು ದಾಟಬೇಕು ಎಂದು ನಮ್ಮ ತಾಯಿಯ ಆಜ್ಞೆ. ಅಂದು ನನಗೆ ತುಮಕೂರಿನಲ್ಲಿ ಸಭೆ ಇದೆ. ತಾಯಿ ಶಿವರುದ್ರಮ್ಮನವರೇ ಕಳಿಸಿಕೊಡುತ್ತಾರೆ.

ಅವರ ಪೇಚಾಟ ಬೇರೆ. ನಮ್ಮಲ್ಲಿ ಎತ್ತು ಮಾರಿದರೆ ಹಗ್ಗ ಕೊಡುವುದಿಲ್ಲ, ಕೊಂಡವರು ಹೊಸ ಹಗ್ಗ ತರಬೇಕು. ನಿಮ್ಮ ಕಡೆಯೂ ಹಾಗೇ ಇರಬೇಕು. ನಡುಮನೆಯ ಗೋಡೆಯಲ್ಲಿ ಐದು ಮೊಳೆ, ಐದು ಜೋಡಿ ಎತ್ತಿನ ಹಗ್ಗ ಇವೆ. "ಇದುಕ್ಕೆ ಹಗ್ಗ ಎಲ್ಲೈತ್ಲಾ?" ಎಂದು ಕೇಳಿದರು. "ಬೆಲ್ಟೇ ಹಗ್ಗ ಕಣವ್ವ" ಎಂದೆ. "ಬೆಲ್ಟ್ ಕಿತ್ಕಂಡ್ರೆ ಗಾಡಿ ಓಡ್ತದೇನ್ಲಾ? ನಂಗೇನು ಗೊತ್ತಾಗಲ್ಲ ಅಂದ್ಕಂಡಿದೀಯ?" ಎಂದು ಬೈದರು. ಅಲ್ಲಿಗೆ ಆ ಮಾತು ಮುಗಿಯಿತು.

ಮಹಾಲಿಂಗಯ್ಯ


ಕೊತ್ತಗೆರೆ
6 ಜುಲೈ 1998

ಮಹಾಲಿಂಗಯ್ಯನವರಿಗೆ ನಮಸ್ಕಾರ.

ಗಾಡಿ ಊರು ಸೇರಿತು. ರೋಟರಿ, ಚಕ್ರಗಳನ್ನು ಟ್ರೈಲರಿಗೆ ಹೇರಿ, ಗುಬ್ಬಿಯಿಂದ ತುಮಕೂರು ಹಾದು ನಾನೇ ಓಡಿಸಿಕೊಂಡು ಬಂದೆ. ಲಾರಿಯವರೆಲ್ಲ ಹಾರ್ನ್ ಹೊಡೆದು ನಕ್ಕರು. ಒಂದು ಕಡೆಯೂ ನಿಲ್ಲಲಿಲ್ಲ. ಮುದ್ದಯ್ಯನವರ ಕೈಗೆ ಶರಣು.

ನಿಮ್ಮ ತಾಯಿ ಗಾಡಿಗೆ ಅರಿಶಿನ ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಎತ್ತು ಕಳಿಸಿದ ಹಾಗೆಯೇ ಕಳಿಸಿದರು. ನನಗೆ ರಾಗಿಮುದ್ದೆ, ಅವರೆಕಾಳು ಸಾರು. ಸೊಂಟದಲ್ಲಿ ಸಿಕ್ಕಿಸಿದ್ದ ನನ್ನ ಹದಿನಾಲ್ಕು ನಂಬರಿನ ಸ್ಪ್ಯಾನರ್ ನೋಡಿ, "ಬೇರೇರು ಎಲೆಅಡಿಕೆ ಚೀಲ ಸಿಗಿಸ್ಕತಾರೆ, ನೀನೇನಪ್ಪ ಕಬ್ಬಿಣ ಸಿಗಿಸ್ಕಂಡಿದೀಯ" ಎಂದು ನಕ್ಕರು. ಬಹಳ ಹೊತ್ತು ಮಾತಾಡಿದೆವು. ಮನೆ ಬಿಟ್ಟು ಹೊರಡುವಾಗ ಇಬ್ಬರಿಗೂ ಸಮಾಧಾನವಾಗಿತ್ತು.

ಮಳೆ ಬಿದ್ದ ಕೂಡಲೇ ತೆಂಗಿನ ಸಾಲಿನಲ್ಲಿ ರೋಟರಿ ಹೊಡೆಯುತ್ತೇನೆ. ಹೊಡೆದ ದಿನವೇ ಬರೆಯುತ್ತೇನೆ.

ಅಣ್ಣಯ್ಯಪ್ಪ


ಗುಬ್ಬಿ
25 ಆಗಸ್ಟ್ 1998

ಅಣ್ಣಯ್ಯಪ್ಪನವರೇ,

ಇಲ್ಲಿ ಒಳ್ಳೆಯ ಮಳೆ. ಅಲ್ಲೂ ಬಿದ್ದಿರಬೇಕು. ಹೊಡೆದ ದಿನವೇ ಬರೆಯುವುದಾಗಿ ಹೇಳಿದ್ದಿರಿ. ಹೊಸ ಮದುಮಗ ಅತ್ತೆ ಮನೆ ಮರೆತ ಹಾಗಾಯಿತು. ಅಮ್ಮ ದಿನವೂ, "ಆ ಸ್ಪ್ಯಾನರ್ ಅಣ್ಣಯ್ಯನ ಕಾಗದ ಬಂತಾ?" ಎಂದು ಕೇಳುತ್ತಾರೆ.

ಮಹಾಲಿಂಗಯ್ಯ


ಗುಬ್ಬಿ
4 ಅಕ್ಟೋಬರ್ 1998

ಅಣ್ಣಯ್ಯಪ್ಪನವರಿಗೆ,

ಹಿಂದಿನ ಕಾಗದ ಸಿಕ್ಕಿತೋ ಇಲ್ಲವೋ. ಆಯುಧಪೂಜೆಗೆ ಗಾಡಿಗೆ ಪೂಜೆ ಮಾಡಿರುತ್ತೀರಿ. ಈ ವರ್ಷ ನಮ್ಮ ಕೊಟ್ಟಿಗೆ ಖಾಲಿ. ಅಮ್ಮ ಖಾಲಿ ಜಾಗಕ್ಕೇ ಒಂದು ಬೂದುಗುಂಬಳಕಾಯಿ ಒಡೆದರು. ಎರಡು ಸಾಲು ಬರೆಯಿರಿ, ಸಾಕು.

ಮಹಾಲಿಂಗಯ್ಯ


ಕೊತ್ತಗೆರೆ
24 ನವೆಂಬರ್ 1998

ಶ್ರೀ ಮಹಾಲಿಂಗಯ್ಯನವರಿಗೆ,

ನಿಮ್ಮ ಎರಡು ಕಾಗದವೂ ಬಂದಿವೆ. ಬರೆಯಲಾಗಲಿಲ್ಲ.

ಒಂದು ವಿಷಯ ತಿಳಿಯಬೇಕಾಗಿದೆ. ಗೇರ್ ಲಿವರ್ ಮತ್ತು ರೋಟರಿ ಲಿವರ್ ನಡುವೆ, ಕೆಳಗಡೆ, ಎರಡು ಬೋಲ್ಟಿನ ತೂತು ಖಾಲಿ ಇವೆ. ಅಲ್ಲಿ ಬೆರಳುದ್ದದ ಒಂದು ಕಬ್ಬಿಣದ ಪಟ್ಟಿ ಇರಬೇಕಿತ್ತಂತೆ. ಅದು ಇದ್ದರೆ, ರೋಟರಿ ತಿರುಗುತ್ತಿರುವಾಗ ಗಾಡಿ ರಿವರ್ಸ್ ಗೇರಿಗೆ ಬೀಳುವುದಿಲ್ಲವಂತೆ. ಕುಣಿಗಲ್ಲಿನ ಮೆಕ್ಯಾನಿಕ್ ಷಡಕ್ಷರಿ ಬಂದು ನೋಡಿ ಹೇಳಿದ. ನಿಮ್ಮ ತಂದೆಯ ಕಾಲದಲ್ಲಿ ಆ ಪಟ್ಟಿ ಇತ್ತೇ? ಮುದ್ದಯ್ಯ ಬಿಚ್ಚಿದಾಗ ಏನು ಮಾಡಿದ?

ನಿಮ್ಮ ತಾಯಿ ಆರೋಗ್ಯವೇ? ಗಾಡಿಯ ವಿಷಯವಾಗಿ ಏನಾದರೂ ಹೇಳುತ್ತಿರುತ್ತಾರೆಯೇ?

ಅಣ್ಣಯ್ಯಪ್ಪ


ಗುಬ್ಬಿ
2 ಡಿಸೆಂಬರ್ 1998

ಅಣ್ಣಯ್ಯಪ್ಪನವರಿಗೆ,

ನಾಲ್ಕು ತಿಂಗಳು ಮೌನವಾಗಿದ್ದು, ಬರೆದಾಗ ದೂರಿನ ಕಾಗದ ಬರೆದಿದ್ದೀರಿ. ನೇರವಾಗಿ ಹೇಳುತ್ತೇನೆ. ನಾನು ಮಾರಿದ್ದು ಇಪ್ಪತ್ತೈದು ವರ್ಷದ ಗಾಡಿ. ನೀವು ಎರಡು ಸಲ ನೋಡಿದಿರಿ, ಮುಟ್ಟಿದಿರಿ, ಸ್ಪ್ಯಾನರಿನಿಂದ ತಟ್ಟಿ ಕಿವಿಗೊಟ್ಟು ಕೇಳಿದಿರಿ. ನಾಲ್ಕು ಗಾಡಿ ಬಿಚ್ಚಿ ಜೋಡಿಸಿದವರು ನೀವು. ಬೆರಳುದ್ದದ ಪಟ್ಟಿ ಇಲ್ಲವೆಂದು ಈಗ ಕೇಳಿದರೆ ನಾನೇನು ಹೇಳಲಿ? ನನಗೆ ಅಂಥ ಪಟ್ಟಿಯ ನೆನಪಿಲ್ಲ. ತಂದೆಯ ಕಾಲದಲ್ಲಿ ನಾನು ಗಾಡಿ ಓಡಿಸಿದ್ದೇ ಕಡಿಮೆ. ಮುದ್ದಯ್ಯ ಇದ್ದದ್ದನ್ನು ಬಿಡುವವನಲ್ಲ. ಗಾಡಿ ಬೇಡವಾಗಿದ್ದರೆ ಬಿಡಿಸಿ ಹೇಳಿ, ವಾಪಸು ತರಿಸಿಕೊಳ್ಳೋಣ. ಸುತ್ತಿ ಬಳಸಿ ಬರೆಯುವುದು ಬೇಡ.

ತಾಯಿ ಆರೋಗ್ಯವಾಗಿದ್ದಾರೆ. ಗಾಡಿಯ ವಿಷಯ ಏನೂ ಹೇಳಿಲ್ಲ.

ಮಹಾಲಿಂಗಯ್ಯ


ಕೊತ್ತಗೆರೆ
16 ಡಿಸೆಂಬರ್ 1998

ಮಹಾಲಿಂಗಯ್ಯನವರಿಗೆ,

ಗಾಡಿ ವಾಪಸು ಕೊಡುವುದಕ್ಕೆ ಬರೆದದ್ದಲ್ಲ. ನನ್ನ ಎಡಗಾಲು ಹೋಗಿದೆ. ಹಿಂದಿನ ಕಾಗದದಲ್ಲಿ ಬರೆಯಲು ಕೈ ಬರಲಿಲ್ಲ.

ಆಗಸ್ಟ್ ಒಂಬತ್ತು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ತೆಂಗಿನ ಸಾಲಿನ ಕೊನೆಯಲ್ಲಿ ತಿರುಗಿಸಲು ಜಾಗ ಸಾಲದೆ ರಿವರ್ಸ್ ಹಾಕಿದೆ. ರೋಟರಿ ಬಂದ್ ಮಾಡಿರಲಿಲ್ಲ. ನನ್ನ ಇನ್ನೊಂದು ಗಾಡಿಯಲ್ಲಿ ಹಾಗೆ ಹಾಕಲು ಹೋದರೆ ಗೇರು ಬೀಳುವುದೇ ಇಲ್ಲ, ಆಗ ರೋಟರಿ ನಿಲ್ಲಿಸಬೇಕೆಂದು ನೆನಪಾಗುತ್ತದೆ. ಇದರಲ್ಲಿ ಬಿತ್ತು. ಗಾಡಿ ಹಿಂದಕ್ಕೆ, ಹಿಡಿ ಹಿಡಿದು ಹಿಂದೆ ನಿಂತಿದ್ದ ನನ್ನ ಮೇಲೆ ನುಗ್ಗಿತು. ಬೆನ್ನಿಗೆ ಮರ, ಮುಂದೆ ತಿರುಗುವ ಬ್ಲೇಡು. ಚೆನ್ನಮ್ಮ ಬುತ್ತಿ ತಂದವಳು ಅಷ್ಟು ದೂರದಲ್ಲಿದ್ದಳು. ಇಂಜಿನ್ ನಿಲ್ಲಿಸುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಸೆರಗು ಸುತ್ತಿ ಬೆಲ್ಟಿಗೆ ಕೊಟ್ಟಳು. ಗಾಡಿ ನಿಂತಿತು. ಅವಳ ಕೈ ಉಳಿದದ್ದು ಹೇಗೋ ದೇವರಿಗೇ ಗೊತ್ತು.

ತುಮಕೂರಿನ ಆಸ್ಪತ್ರೆಯಲ್ಲಿ ಐವತ್ತು ದಿನ ಇದ್ದೆ. ಪಾದ ಉಳಿಯಲಿಲ್ಲ, ಮೊಣಕಾಲಿಗೆ ಒಂದು ಗೇಣು ಕೆಳಗೆ ತೆಗೆದರು. ಮನೆಗೆ ಬಂದು, ಷಡಕ್ಷರಿ ಪಟ್ಟಿಯ ವಿಷಯ ಹೇಳಿದ ಮೇಲೆ, ನೀವು ಕೊಟ್ಟ ಜಪಾನಿ ಪುಸ್ತಕ ತೆಗೆದು ನೋಡಿದೆ. ಹದಿನೇಳನೇ ಪುಟದಲ್ಲಿ ಚಿತ್ರವಿದೆ. ಒಬ್ಬ ಮನುಷ್ಯ, ಹಿಂದೆ ಒಂದು ಮರ, ಮುಂದೆ ರೋಟರಿ, ಮೇಲೆ ದೊಡ್ಡದೊಂದು ಅಡ್ಡಗೀಟು. ಪಕ್ಕದಲ್ಲಿ ಆ ಪಟ್ಟಿಯ ಚಿತ್ರ. ಓದು ಬರಬೇಕಾಗಿಯೇ ಇರಲಿಲ್ಲ.

ಮೊನ್ನೆ ಹತ್ತನೇ ತಾರೀಖು ಕುಣಿಗಲ್ ಠಾಣೆಯಲ್ಲಿ ದೂರು ಕೊಟ್ಟಿದ್ದೇನೆ. ಗಾಡಿಯನ್ನು ಕಡೆಯದಾಗಿ ಬಿಚ್ಚಿದವನು ಮುದ್ದಯ್ಯ. ಪಟ್ಟಿ ತೆಗೆದವನೂ ಅವನೇ ಎಂದು ಬರೆದುಕೊಟ್ಟಿದ್ದೇನೆ. ನಿಮ್ಮ ಹೆಸರು ಹಾಕಿಲ್ಲ. ನಿಮ್ಮ ತಾಯಿಯವರಿಗೆ ಈ ಸುದ್ದಿ ಹೇಳಬೇಡಿ.

ಅಣ್ಣಯ್ಯಪ್ಪ


ಗುಬ್ಬಿ
27 ಡಿಸೆಂಬರ್ 1998

ಅಣ್ಣಯ್ಯಪ್ಪನವರೇ,

ನಿಮ್ಮ ಕಾಗದ ಡೇರಿಯಲ್ಲಿ ಕೈಗೆ ಬಂತು. ಎರಡನೇ ಸಾಲು ಓದಿದವನು ಅಲ್ಲೇ ಕ್ಯಾನುಗಳ ಮೇಲೆ ಕುಳಿತೆ. ಹಾಲು ಹಾಕಲು ಬಂದವರು ಸಾಲಿನಲ್ಲಿ ನಿಂತು ಕರೆದರೂ ನನಗೆ ಕೇಳಿಸಲಿಲ್ಲ. ನಾನು ಡಿಸೆಂಬರ್ ಎರಡರಂದು ಬರೆದ ಪ್ರತಿ ಮಾತೂ ನೆನಪಾಯಿತು. ಕಾಲಿಲ್ಲದವರಿಗೆ ನಾನು ಬರೆದದ್ದು ಅದು. ಕ್ಷಮಿಸಿ ಎನ್ನಲೂ ನಾಚಿಕೆ.

ತಾಯಿಗೆ ಹೇಳಬೇಡಿ ಎಂದಿದ್ದಿರಿ. ಮುಚ್ಚಿಡುವುದು ನನ್ನಿಂದ ಆಗಲಿಲ್ಲ. ಮೊರ ಹಿಡಿದು ರಾಗಿ ಕೇರುತ್ತಿದ್ದರು. ಕೈಯಿಂದ ಮೊರ ಜಾರಿ ರಾಗಿ ಜಗುಲಿ ತುಂಬ ಚೆಲ್ಲಿತು. "ಯಾವ ಕಾಲು?" ಎಂದು ಮಾತ್ರ ಕೇಳಿದರು. ಎಡಗಾಲು ಎಂದೆ. ಒಳಗೆ ಹೋದವರು ಎರಡು ದಿನ ಮುದ್ದೆ ಮುಟ್ಟಲಿಲ್ಲ. ವಯಸ್ಸಾದವರು, ನಿಮ್ಮನ್ನು ಬಹಳ ಹಚ್ಚಿಕೊಂಡಿದ್ದರು.

ಮೊನ್ನೆ ಹಿರೇಹಳ್ಳಿಗೆ ಹೋಗಿದ್ದೆ. ಶೆಡ್ಡಿನ ಮುಂದೆ ಸದಾ ಏಳೆಂಟು ಟಿಲ್ಲರ್ ನಿಂತಿರುತ್ತಿದ್ದವು, ಈಗ ಒಂದೂ ಇಲ್ಲ. ಠಾಣೆಯವರು ಎರಡು ಸಲ ಕರೆಸಿದ್ದಾರೆ. ಸುದ್ದಿ ಹರಡಿದೆ. ರಿಪೇರಿಗೆ ಬಿಟ್ಟಿದ್ದವರು ಅರ್ಧ ಬಿಚ್ಚಿದ ಗಾಡಿಯನ್ನೇ ಎಳೆದುಕೊಂಡು ಹೋಗಿದ್ದಾರೆ. ಮುದ್ದಯ್ಯ ಮುರಿದ ಸ್ಟೂಲಿನ ಮೇಲೆ ಕುಳಿತಿದ್ದ.

"ಪಟ್ಟಿ ಇತ್ತು ಕಣ್ ಮಾಲಿಂಗಣ್ಣ. ಬಿಚ್ಚಿ, ಸೀಮೆಎಣ್ಣೇಲಿ ತೊಳ್ದು, ವಾಪಸ್ ಹಾಕಿ, ಬೊಟ್ಟು ಇಟ್ಟಿದೀನಿ. ಅದು ಕಿರಿಕಿರಿ ಅಂತ ತೆಗ್ಸೋರು ಅವ್ರೆ. ತೆಗ್ಯೋ ಮೆಕಾನಿಕ್ಕೂ ಅವ್ರೆ. ನಾನು ತೆಗ್ಯಲ್ಲ. ನೀವು ನೋಡಿದ್ರಲ್ಲ, ಪಕ್ಕದಲ್ಲೇ ಇದ್ರಲ್ಲ! ಠಾಣೆಗ್ ಬಂದು ಒಂದ್ ಮಾತು ಹೇಳಿ" ಎಂದ.

ನಾನು ಪಕ್ಕದಲ್ಲೇ ಇದ್ದೆ ನಿಜ. ಆದರೆ ಪತ್ರಿಕೆ ಓದುತ್ತಾ ಕುಳಿತಿದ್ದೆ. ಪಟ್ಟಿ ನೋಡಿದೆನೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಹಾಗೆಂದೆ. ನಾನು ಬಸ್ಸು ಹತ್ತುವವರೆಗೂ ಅವನು ಪೇಂಟಿನ ಡಬ್ಬಿಯ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತಿದ್ದ. ಮೂವತ್ತು ವರ್ಷದ ಹೆಸರು ಅವನದು, ಅಣ್ಣಯ್ಯಪ್ಪನವರೇ. ಅವನೇ ತೆಗೆದದ್ದು ಎಂದು ನಿಮಗೆ ಖಾತ್ರಿ ಇದೆಯೇ?

ಮಹಾಲಿಂಗಯ್ಯ


ಗುಬ್ಬಿ
16 ಜನವರಿ 1999

ಅಣ್ಣಯ್ಯಪ್ಪನವರಿಗೆ,

ಹಿಂದಿನ ಕಾಗದಕ್ಕೆ ಉತ್ತರ ಬರಲಿಲ್ಲ. ಬರುವ ಮೊದಲೇ ನಾನು ಇದನ್ನು ಬರೆಯಲೇಬೇಕು.

ಪಟ್ಟಿ ಸಿಕ್ಕಿದೆ. ನಮ್ಮ ಮನೆಯಲ್ಲೇ ಇದೆ.

ಸಂಕ್ರಾಂತಿಯ ದಿನ ನಮ್ಮಲ್ಲಿ ಮಾರಿದ ಎತ್ತುಗಳ ಹಗ್ಗ ಇಳಿಸಿ, ತೊಳೆದು, ಅರಿಶಿನ ಹಚ್ಚಿ ಮತ್ತೆ ತಗುಲಿಸುತ್ತಾರೆ. ಪ್ರತಿ ವರ್ಷ ಅಮ್ಮನೇ ಮಾಡುವ ಕೆಲಸ. ಈ ಸಲ ಬೆಳಿಗ್ಗೆ ಹತ್ತಾದರೂ ಅವರು ಏಳಲಿಲ್ಲ. ನಾನೇ ಮಣೆ ಹಾಕಿ ಹತ್ತಿದೆ. ಐದು ಮೊಳೆ ಇದ್ದ ಗೋಡೆಯಲ್ಲಿ ಆರು ಇದ್ದವು. ಆರನೆಯದು ಹೊಸ ಮೊಳೆ, ಐದನೇ ಜೋಡಿಯ ಹಗ್ಗದ ಹಿಂದೆ ಮರೆಯಾಗಿತ್ತು. ಅದಕ್ಕೆ ಕೆಂಪು ದಾರದಲ್ಲಿ ಕಟ್ಟಿದ ಒಂದು ಕಬ್ಬಿಣದ ಪಟ್ಟಿ. ಬೆರಳುದ್ದ, ಎರಡು ತೂತು. ಮೇಲೆ ಅರಿಶಿನ, ಕುಂಕುಮ.

ಪಂಚೆಯ ಅಂಚಿನಿಂದ ಕುಂಕುಮ ಒರೆಸಿದೆ. ಒಂದು ಬೊಟ್ಟು ಹೋಗಲಿಲ್ಲ. ಒದ್ದೆ ಮಾಡಿ ಉಜ್ಜಿದೆ, ಆಗಲೂ ಹೋಗಲಿಲ್ಲ. ಅದು ಪೇಂಟು. ಮುದ್ದಯ್ಯನ ಬೊಟ್ಟು.

ಮಣೆಯಿಂದ ಇಳಿದೆ. ತಿರುಗಿದರೆ ಅಮ್ಮ ಬಾಗಿಲಲ್ಲಿ ನಿಂತಿದ್ದರು.

"ಇದೇನವ್ವ?" ಎಂದೆ.

"ಹಗ್ಗ" ಎಂದರು.

"ಯಾರು ಬಿಚ್ಚಿದ್ದು?"

"ನಾನೇ. ಮನೆ ಬಿಟ್ಟೋಗೋ ಗಾಡೀದು ಏನೂ ಉಳಿಸ್ಕಳ್ದೆ ಕಳಿಸ್ಲಾ? ಪುಟ್ಟುದು ಒಂದು ಬಿಚ್ಕಂಡೆ."

"ನಿನ್ ಕೈಲಿ ಹಾಲಿನ ಕ್ಯಾನ್ ಮುಚ್ಚಳ ತಿರುಗ್ಸಕ್ ಆಗಲ್ಲ. ಮುದ್ದಯ್ಯ ಬಿಗಿದಿರೋ ಬೋಲ್ಟ್ ಹೆಂಗವ್ವ ತಿರುಗ್ತು?"

"ತಿರುಗ್ತು. ನಿಮ್ಮಪ್ಪನ ಗಾಡಿ ಕಣ್ಲಾ. ನನ್ ಮಾತು ಕೇಳ್ತು."

ಇನ್ನೂ ಏನೇನೋ ಕೇಳಿದೆ. ಕಿರುಚಿದೆ ಕೂಡ, ನನ್ನ ಜನ್ಮದಲ್ಲಿ ತಾಯಿಯ ಮೇಲೆ ಕಿರುಚಿದವನಲ್ಲ. ಒಂದೇ ಮಾತು ಹೇಳುತ್ತಾರೆ, "ನಾನೇ ಬಿಚ್ಕಂಡೆ. ಬರಕಳ್ಳಿ. ಠಾಣೆಗ್ ಕರ್ಕಂಡ್ ಹೋಗು." ನಿಮ್ಮ ಕಾಗದ ಬಂದ ದಿನ "ಯಾವ ಕಾಲು" ಎಂದು ಕೇಳಿ ಒಳಗೆ ಹೋದವರು ಆಗಿನಿಂದ ಇದನ್ನು ಎದೆಯಲ್ಲಿ ಇಟ್ಟುಕೊಂಡಿದ್ದಾರೆ. ನಾನೋ, ನಿಮ್ಮನ್ನು ಹಚ್ಚಿಕೊಂಡಿದ್ದರು, ಅದಕ್ಕೇ ಎಂದು ಬರೆದೆ!

ಅವರಿಗೆ ಎಪ್ಪತ್ತನಾಲ್ಕು ವರ್ಷ. ಅದು ಏನು ಪಟ್ಟಿ ಎಂದು ಅವರಿಗೆ ಗೊತ್ತಿರಲಿಲ್ಲ. ಇದು ಸಬೂಬಲ್ಲ, ಇದ್ದದ್ದು. ನಿಮ್ಮ ಕಾಲು ಹೋದದ್ದು ನಮ್ಮ ಮನೆಯ ಪದ್ಧತಿಯಿಂದ, ಮುದ್ದಯ್ಯನಿಂದ ಅಲ್ಲ. ಮುಂದಿನ ಸೋಮವಾರ, 25ರಂದು, ಪಟ್ಟಿ ತೆಗೆದುಕೊಂಡು, ಅಮ್ಮನನ್ನೂ ಕರೆದುಕೊಂಡು ಕುಣಿಗಲ್ ಠಾಣೆಗೆ ಬರುತ್ತೇನೆ. ಅವರ ಹೆಸರು ಬರೆಸುತ್ತೇನೆ. ಬೇರೆ ದಾರಿ ಇಲ್ಲ. ಅದಕ್ಕೂ ಮುಂಚೆ ನಿಮಗೆ ಗೊತ್ತಾಗಬೇಕೆಂದು ಈ ಕಾಗದ. ನಿಮ್ಮ ಮುಖ ನೋಡುವ ಧೈರ್ಯ ನಮಗಿಬ್ಬರಿಗೂ ಇಲ್ಲ.

ಮಹಾಲಿಂಗಯ್ಯ


ಕೊತ್ತಗೆರೆ
22 ಜನವರಿ 1999

ಮಹಾಲಿಂಗಯ್ಯನವರೇ,

ಈ ಕಾಗದ ಮತ್ತು ಪೊಟ್ಟಣವನ್ನು ಅಂಚೆಗೆ ಹಾಕುತ್ತಿಲ್ಲ. ಗುಬ್ಬಿಯ ಕಡೆ ಹೋಗುವ ಕೊಬ್ಬರಿ ವ್ಯಾಪಾರಿಯ ಕೈಯಲ್ಲಿ ಇವತ್ತೇ ಕಳಿಸುತ್ತಿದ್ದೇನೆ. ಸೋಮವಾರ ಬರಬೇಡಿ. ನಿಮ್ಮ ತಾಯಿಯನ್ನು ಠಾಣೆಯ ಮೆಟ್ಟಿಲು ಹತ್ತಿಸಬೇಡಿ.

ಆ ಬೋಲ್ಟು ನಿಮ್ಮ ತಾಯಿಯ ಮಾತು ಕೇಳಲಿಲ್ಲ. ನನ್ನ ಹದಿನಾಲ್ಕು ನಂಬರಿನ ಸ್ಪ್ಯಾನರ್ ಮಾತು ಕೇಳಿತು.

ಜುಲೈ ಎರಡರಂದು ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. "ಎತ್ತಾದ್ರೆ ಹಗ್ಗ ಉಳಿಸ್ಕತೀವಿ. ಇದ್ರಾಗೆ ಏನು ಉಳಿಸ್ಕಳ್ಳದಪ್ಪ?" ಎಂದರು. ನಮ್ಮ ಮನೆಯಲ್ಲೂ ಹಗ್ಗ ಕೊಡುವುದಿಲ್ಲ. ಹಗ್ಗ ಸಮೇತ ತಂದರೆ ಕೊಂಡವರಿಗೂ ಏಳಿಗೆಯಿಲ್ಲ ಎನ್ನುತ್ತಾರೆ. ಹಾಗಾಗಿ ನಾನೇ ಗಾಡಿಯ ಸುತ್ತ ಬಗ್ಗಿ ಹುಡುಕಿದೆ. ನನ್ನ ಇನ್ನೊಂದು ಗಾಡಿಯಲ್ಲಿ ರಿವರ್ಸ್ ಬೀಳದಂತೆ ತಡೆಯುವ ಬೀಗ ಗೇರ್ ಪೆಟ್ಟಿಗೆಯ ಒಳಗಿದೆ, ಕಣ್ಣಿಗೆ ಬೀಳುವುದಿಲ್ಲ. ಹೊರಗೆ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. "ಇದು ಯಾವುದೋ ಹಳೇ ಲೈಟಿನ ಪಟ್ಟಿ. ಇದ್ರೂ ಒಂದೇ, ಇಲ್ದಿದ್ರೂ ಒಂದೇ" ಎಂದು ಎರಡು ಬೋಲ್ಟ್ ಬಿಚ್ಚಿ ಅವರ ಕೈಗೆ ಇಟ್ಟೆ. ಅದರ ಮೇಲೆ ಕೆಂಪು ಬೊಟ್ಟಿತ್ತು. ನೋಡಿದೆ. ನೋಡಿಯೂ ಇಟ್ಟೆ.

ಅವರು ತಕ್ಷಣ ತೆಗೆದುಕೊಳ್ಳಲಿಲ್ಲ. "ಗಾಡಿಗೇನೂ ಆಗಲ್ವಾ?" ಎಂದರು. ಇಲ್ಲವೆಂದೆ. "ನೋಡಪ್ಪ, ಸರಿಯಾಗಿ ನೋಡು" ಎಂದರು. ನಾನು ನಕ್ಕು, "ಅಮ್ಮಾ, ನಾಲ್ಕು ಗಾಡಿ ಬಿಚ್ಚಿ ಜೋಡ್ಸಿರೋನು ಹೇಳ್ತಿದೀನಿ" ಎಂದೆ. ಆಮೇಲೆ ಸೆರಗಿನಲ್ಲಿ ಕಟ್ಟಿಕೊಂಡರು.

ಸೆಪ್ಟೆಂಬರ್ ಕೊನೆಯಲ್ಲಿ ಆಸ್ಪತ್ರೆಯಿಂದ ಬಂದ ವಾರ ಷಡಕ್ಷರಿ ಬಂದು ಗಾಡಿಯ ಕೆಳಗೆ ಬೆರಳಿಟ್ಟು, "ಇಲ್ಲಿರೋ ಪಟ್ಟಿ ಯಾವ್ ಕಳ್ ನನ್ಮಗ ಬಿಚ್ಚಿದ್ದು?" ಎಂದ. ಆ ಕ್ಷಣ ನನಗೆ ಗೊತ್ತಾಯಿತು. ಚೆನ್ನಮ್ಮ, "ಆ ಹಿರೇಹಳ್ಳಿಯೋನೇ ಇರ್ಬೇಕು" ಎಂದಳು. ನಾನು ಹೌದೆನ್ನಲಿಲ್ಲ. ಅಲ್ಲ ಎನ್ನಲೂ ಇಲ್ಲ. ಸಂಜೆಯ ಹೊತ್ತಿಗೆ ಊರೆಲ್ಲ ಅದೇ ಮಾತು. ಮೂರು ಊರಿನವರು ಇಂಜಿನ್ ಕೆಮ್ಮಿದರೆ ಕರೆಯುವ ಅಣ್ಣಯ್ಯಪ್ಪ ತನ್ನ ಕಾಲು ಕತ್ತರಿಸುವ ಬೋಲ್ಟನ್ನು ತಾನೇ ಬಿಚ್ಚಿದ ಎಂದು ಹೇಗೆ ಹೇಳಲಿ?

ನವೆಂಬರಿನ ನನ್ನ ಕಾಗದ ನೆನಪಿದೆಯೇ? ನಿಮ್ಮ ತಾಯಿ ಏನಾದರೂ ಹೇಳುತ್ತಿರುತ್ತಾರೆಯೇ ಎಂದು ಕೇಳಿದ್ದೆ. ಅದು ಕುಶಲ ವಿಚಾರಿಸಿದ್ದಲ್ಲ. ಅವರು ಬಾಯಿ ಬಿಟ್ಟಿದ್ದಾರೆಯೇ ಎಂದು ತಿಳಿಯಬೇಕಿತ್ತು. ಏನೂ ಹೇಳಿಲ್ಲ ಎಂದು ನೀವು ಕೋಪದಲ್ಲಿ ಬರೆದ ಮೇಲೆಯೇ ನಾನು ಠಾಣೆಗೆ ಹೋಗಿ ಮುದ್ದಯ್ಯನ ಹೆಸರು ಬರೆಸಿದೆ.

ನಿಮ್ಮ ಹದಿನಾರನೇ ತಾರೀಖಿನ ಕಾಗದ ಮೂರು ಸಲ ಓದಿದೆ. ಅವರಿಗೆ ನನ್ನ ಹೆಸರು ಹೇಳುವುದು ಎಷ್ಟು ಹೊತ್ತಿನ ಕೆಲಸ? ಹೇಳಲಿಲ್ಲ. ಕಾಲು ಕಳೆದುಕೊಂಡವನ ಮೇಲೆ ತಪ್ಪು ಹೊರಿಸಬಾರದೆಂದು ತಾವೇ ಹೊತ್ತರು. ನಾನು ಏನೂ ಮಾಡದವನ ಮೇಲೆ ಹೊರಿಸಿದೆ.

ಚೆನ್ನಮ್ಮನಿಗೆ ಹೇಳಿದೆ. ನನ್ನನ್ನು ಉಳಿಸಲು ಸೆರಗನ್ನು ಬೆಲ್ಟಿಗೆ ಕೊಟ್ಟವಳು, ಎರಡು ದಿನದಿಂದ ನನ್ನೊಡನೆ ಮಾತಾಡಿಲ್ಲ. ನಿನ್ನೆ ಕುಣಿಗಲ್ ಠಾಣೆಗೆ ಹೋಗಿ ದೂರು ವಾಪಸು ತೆಗೆದುಕೊಂಡೆ, ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟೆ. "ಏನ್ರೀ, ಹೋದ ತಿಂಗ್ಳು ಕಣ್ಣಾರೆ ಕಂಡಂಗ್ ಹೇಳಿದ್ರಿ" ಎಂದು ಅಲ್ಲಿದ್ದವರು ಬೈದರು. ಬೈಸಿಕೊಂಡೆ.

ಅಲ್ಲಿಂದ ಬಸ್ಸು ಹತ್ತಿ ಹಿರೇಹಳ್ಳಿಗೆ ಹೋದೆ. ಮುದ್ದಯ್ಯನವರನ್ನು ಅದೇ ಮೊದಲು ನೋಡಿದ್ದು. ನಾನು ಯಾರೆಂದು ಹೇಳಿದೆ, ಎಲ್ಲ ಹೇಳಿದೆ. ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಬಹಳ ಹೊತ್ತು ನನ್ನ ಊರುಗೋಲು ನೋಡುತ್ತಿದ್ದರು. ಆಮೇಲೆ, "ತುದಿ ರಬ್ಬರ್ ಸವ್ದೋಗದೆ. ಸಿಮೆಂಟ್ ನೆಲದ ಮ್ಯಾಲೆ ಜಾರಿ ಬಿದ್ದೀಯ. ಕೊಡಿಲ್ಲಿ" ಎಂದರು. ಹಳೆಯ ಟೈರಿನ ತುಂಡು ಕತ್ತರಿಸಿ, ಬಡಿದು ಕೂರಿಸಿ, ಪೇಂಟಿನ ಡಬ್ಬಿ ತೆಗೆದರು. ಅದರ ಮೇಲೆ ಒಂದು ಕೆಂಪು ಬೊಟ್ಟು ಇಟ್ಟು ನನ್ನ ಕೈಗೆ ಕೊಟ್ಟರು.

ನಾಡಿದ್ದು ಸಂತೆಯಲ್ಲಿ ನಮ್ಮ ಮೂರು ಊರಿನವರೂ ಇರುತ್ತಾರೆ. ಅಲ್ಲಿ ನಿಂತು ಹೇಳುತ್ತೇನೆ. ಅದು ಬಾಕಿ ಇದೆ.

ಇನ್ನು ನಿಮ್ಮ ತಾಯಿಯವರಲ್ಲಿ ಒಂದು ಬೇಡಿಕೆ. ಆ ಪಟ್ಟಿಯನ್ನು ಕೊಟ್ಟುಬಿಡಲಿ. ಗಾಡಿ ಇನ್ನು ನನ್ನ ಕೈಯಲ್ಲಿ ಓಡುವುದಿಲ್ಲ, ಆದರೆ ನಾಳೆ ಯಾರಾದರೂ ಕೊಳ್ಳುತ್ತಾರೆ. ಪಟ್ಟಿ ಇಲ್ಲದೆ ಅದು ನಮ್ಮ ಹೊಸಿಲು ದಾಟುವುದಿಲ್ಲ. ಮುದ್ದಯ್ಯನವರ ಕೈಗೇ ಕೊಡಿ, ಅವರೇ ಬಂದು ಹಾಕುವುದಾಗಿ ಒಪ್ಪಿದ್ದಾರೆ.

ಹಾಗೆಂದು ಅವರ ಗೋಡೆಯ ಆರನೇ ಮೊಳೆ ಖಾಲಿ ಇರಬಾರದು. ಅದಕ್ಕೇ ಈ ಪೊಟ್ಟಣ. ಒಳಗೆ ನನ್ನ ಹದಿನಾಲ್ಕು ನಂಬರಿನ ಸ್ಪ್ಯಾನರ್ ಇದೆ. ಇಪ್ಪತ್ತು ವರ್ಷ ನನ್ನ ಸೊಂಟದಲ್ಲಿತ್ತು. ಅದನ್ನು ಅಲ್ಲಿ ತಗುಲಿಸಲಿ. ವಾಪಸು ಕೇಳುವುದಿಲ್ಲ.

ಅಣ್ಣಯ್ಯಪ್ಪ